ತುಟಿಯ ಎಡತುದಿ

ಸತ್ತ ಗಂಡಸೊಬ್ಬನನ್ನು ಬದುಕಿರುವ ಹೆಂಗಸಿನ ಪಕ್ಕದಲ್ಲಿ ನಿಲ್ಲಿಸುವುದಕ್ಕೆ ಅವರಿಗೆ ಹತ್ತೊಂಬತ್ತು ದಿನ ಹಿಡಿದಿತ್ತು. ನಲವತ್ತನಾಲ್ಕು ವರ್ಷಗಳ ಹಿಂದಿನ ಮಾತು. ಆಗ ಅವರ ಕೈಯಲ್ಲಿದ್ದ ಸಲಕರಣೆಯೆಂದರೆ ಮರಳುಕಾಗದದ ಮೇಲೆ ಉಜ್ಜಿ ಸೂಜಿಮೊನೆಗೆ ತಂದ ಮೂರು ಸೀಸದ ಕಡ್ಡಿ, ಮುರಿದ ಬ್ಲೇಡಿನ ಒಂದು ಮೂಲೆ, ಕೂದಲೆಲ್ಲ ಉದುರಿ ನಾಲ್ಕೇ ಎಳೆ ಉಳಿದಿದ್ದ ಒಂದು ಕುಂಚ, ಇಷ್ಟೇ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಅಡಿಯಿಂದ ಬೆಳಕು ಬರುವ ಇಳಿಜಾರು ಗಾಜಿನ ಮೇಜಿನ ಮುಂದೆ ಕೂತು, ನೆಗೆಟಿವ್‌ಗಳ ಮೇಲೆ ಜನರ ಸುಕ್ಕು, ಕಲೆ, ಕಣ್ಣಡಿಯ ಕಪ್ಪುಗಳನ್ನು ತಿದ್ದುವುದು ಅವರ ಕಸುಬಾಗಿತ್ತು. ಊರು ಅವರನ್ನು ಟಚಿಂಗ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಆ ಹೆಂಗಸು ತಂದದ್ದು ಗುರುತಿನ ಚೀಟಿಯಿಂದ ಕಿತ್ತ, ಅಂಚೆಚೀಟಿಯಷ್ಟು ಅಗಲದ ಚಿತ್ರ. ಅದರ ಬಲಗೆನ್ನೆಯ ಮೇಲೆ ಕಚೇರಿಯ ದುಂಡು ಮೊಹರಿನ ಕಾಲುಭಾಗ ಕೂತಿತ್ತು. ಮೊದಲ ಆರು ದಿನ ಮೊಹರನ್ನು ಅಳಿಸುವುದರಲ್ಲೇ ಕಳೆಯಿತು. ಅವನ ಮುಖಕ್ಕೆ ಬೆಳಕು ಎಡಗಡೆಯಿಂದ ಬಿದ್ದಿತ್ತು. ಆದ್ದರಿಂದ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ದೀಪವನ್ನು ಅಳೆದು ಎಡಕ್ಕೆ ಸರಿಸಿದರು. ತಲೆಯಿತ್ತು, ಮೈಯಿರಲಿಲ್ಲ. ಅದಕ್ಕೆ ತಾವೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿಯ ಒರಗಿನ ಮೇಲೆ ಕೈಯಿಟ್ಟು ನಿಂತರು. ಸ್ಟುಡಿಯೋದ ಯಜಮಾನರು ಕ್ಯಾಮೆರಾದ ಗುಂಡಿ ಒತ್ತಿದರು. ಆಮೇಲೆ ಆ ಚಿತ್ರದಲ್ಲಿ ತಮ್ಮ ತಲೆಯನ್ನು ತಾವೇ ಕತ್ತರಿಸಿ ತೆಗೆದು, ಅಲ್ಲಿ ಅವನ ತಲೆಯನ್ನು ಕೂರಿಸಿದರು. ಕಾಗದದ ಅಂಚನ್ನು ಹಿಂದಿನಿಂದ ಉಜ್ಜಿ ಉಜ್ಜಿ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ ಮಾಡಿ, ಕೊರಳಪಟ್ಟಿಯ ನೆರಳಿನಲ್ಲಿ ಜೋಡಿಸಿ, ಕುಂಚದಿಂದ ಬೆಸೆದು, ಮತ್ತೆ ಅದರ ಫೋಟೋ ತೆಗೆದರು. ಹತ್ತೊಂಬತ್ತನೆಯ ದಿನ ಯಜಮಾನರು ಭೂತಗನ್ನಡಿ ಹಿಡಿದು ಹುಡುಕಿದರೂ ಜೋಡಣೆಯ ಗೆರೆ ಸಿಗಲಿಲ್ಲ. ಹೆಂಗಸು ಚಿತ್ರವನ್ನು ಎದೆಗೊತ್ತಿಕೊಂಡು ಅತ್ತಳು. ಅದರದ್ದೇ ದೊಡ್ಡ ಪ್ರತಿಯೊಂದು ರಸ್ತೆಗೆ ಮುಖ ಮಾಡಿದ ಷೋಕೇಸಿಗೆ ಏರಿತು.

ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ಮಕ್ಕಳಿಗೂ ಅಳಿಯನಿಗೂ ಮೊಮ್ಮಗಳಿಗೂ, ಮನೆಗೆ ಬಂದ ಬೀಗರಿಗೂ, ಒಮ್ಮೆ ಹಲ್ಲಿನ ಡಾಕ್ಟರಿಗೂ ಅವರು ಅದನ್ನು ಅಲ್ಲಿಯವರೆಗೇ ಹೇಳಿದ್ದರು. ಮೈಯ ವಿಷಯ ಬಂದಾಗ "ಸ್ಟುಡಿಯೋದಲ್ಲಿ ಯಾರೋ ಒಬ್ಬರನ್ನ ನಿಲ್ಲಿಸಿದ್ವಿ" ಎನ್ನುತ್ತಿದ್ದರು. ಯಾಕೆ ಹಾಗೆನ್ನುತ್ತಿದ್ದರೋ ಅವರಿಗೇ ಸ್ಪಷ್ಟವಿರಲಿಲ್ಲ. ನಾಲಿಗೆ ತಾನಾಗಿ ಆ ತಿರುವಿನಲ್ಲಿ ಹೊರಳಿಕೊಳ್ಳುತ್ತಿತ್ತು, ಹಳ್ಳವಿದೆಯೆಂದು ಗೊತ್ತಿರುವ ಸೈಕಲ್ ಸವಾರ ಕತ್ತಲಲ್ಲೂ ಪಕ್ಕಕ್ಕೆ ಸರಿಯುವಂತೆ.

"ಅಂಕಲ್, ನಗಬೇಡಿ."

ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಬಿಳಿಯ ಹಾಳೆಯೊಂದನ್ನು ಇಳಿಬಿಟ್ಟು, ಮುಂದೊಂದು ತಿರುಗುವ ಸ್ಟೂಲು ಹಾಕಿದ್ದರು. ಅದರ ಮೇಲೆ ಎಪ್ಪತ್ತೆರಡರ ಟಚಿಂಗ್ ಮೇಷ್ಟ್ರು ಮೊಣಕಾಲುಗಳನ್ನು ಜೋಡಿಸಿಕೊಂಡು ಶಾಲೆಗೆ ಹೊಸದಾಗಿ ಸೇರಿದವರಂತೆ ಕೂತಿದ್ದರು. ಕ್ಯಾಮೆರಾ ಹಿಡಿದ ಅಂಗಡಿಯಾಕೆಯ ಹಿಂದೆ ಮೊಮ್ಮಗಳು ಕಾಗದಗಳ ಫೈಲನ್ನು ಅಪ್ಪಿಕೊಂಡು ನಿಂತಿದ್ದಳು. ಆಸ್ಪತ್ರೆಯೊಂದರಲ್ಲಿ ರೋಗಿಗಳ ಕೈಕಾಲಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು. ಹಟದ ಮೂಳೆಗಳನ್ನು ಬಗ್ಗಿಸಿ ಅಭ್ಯಾಸವಾದ ತಾಳ್ಮೆ ಅವಳ ಮುಖದಲ್ಲಿತ್ತು.

"ನಾನು ನಗ್ತಾ ಇಲ್ಲಮ್ಮ."

"ನಗ್ತಾ ಇದೀರ. ವೀಸಾ ಫೋಟೋಗೆ ನಗಬಾರ್ದು, ಹಲ್ಲು ಕಾಣಬಾರ್ದು, ಕಿವಿ ಎರಡೂ ಕಾಣ್ಬೇಕು. ಗಲ್ಲ ಸ್ವಲ್ಪ ಮೇಲೆ. ಅಷ್ಟಲ್ಲ. ಹಾಂ, ಅಲ್ಲೇ ಇರಿ. ಈ ಕಡೆ ನೋಡಿ."

ಈ ಕಡೆ ನೋಡಿ. ಎಷ್ಟು ಸಾವಿರ ಮಂದಿಗೆ ಆ ಮಾತನ್ನು ಹೇಳಿದ್ದರೋ ಲೆಕ್ಕವಿಲ್ಲ. ಆದರೆ ತಮಗೇ ಯಾರೋ ಅದನ್ನು ಹೇಳಿದಾಗ ಕಣ್ಣು ತಾನಾಗಿ ಅಂಗಡಿಯ ಹೊಸ್ತಿಲಿನತ್ತ ಸರಿದು ಮತ್ತೆ ಕ್ಯಾಮೆರಾಕ್ಕೆ ಬಂತು. ಮಿಂಚು ಹೊಳೆಯಿತು. ಅಂಗಡಿಯಾಕೆ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿ, "ನೀವೇ ನೋಡಿ ಅಂಕಲ್, ನಗು ಇದೆಯೋ ಇಲ್ಲವೋ" ಎಂದಳು. ಇತ್ತು. ಮುಖದ ಉಳಿದ ಭಾಗವೆಲ್ಲ ಬೀಗ ಹಾಕಿದ ಮನೆಯಂತೆ ಮುಚ್ಚಿಕೊಂಡಿದ್ದರೂ ತುಟಿಯ ಎಡತುದಿ ಮಾತ್ರ ಒಂದು ಎಳೆಯಷ್ಟು ಮೇಲಕ್ಕೆದ್ದಿತ್ತು. ಆ ಎಳೆ ಅವರಿಗೆ ಗೊತ್ತಿತ್ತು. ಅದರ ಉದ್ದ, ಅದರ ಬಾಗು, ಅದು ಕೆನ್ನೆಯ ನೆರಳಿನೊಳಗೆ ಕರಗುವ ಜಾಗ, ಎಲ್ಲವೂ ಬೆರಳಿಗೆ ಗೊತ್ತಿತ್ತು. ಇಲಿಯಂಥ ಆ ಯಂತ್ರವನ್ನು ಅಂಗಡಿಯಾಕೆ ಒಮ್ಮೆ ಒತ್ತಿದಳು. ಕೆನ್ನೆಯ ಮೇಲಿನ ಕಂದುಕಲೆಗಳು ಮಾಯವಾದವು. ಮೂವತ್ತೈದು ವರ್ಷ ಕಣ್ಣು ಕಳೆದುಕೊಂಡು ಮಾಡಿದ ಕಸುಬು ಕಣ್ಣೆವೆ ಮಿಟುಕುವುದರೊಳಗೆ ಮುಗಿದುಹೋಯಿತೆಂಬ ಹಳೆಯ ನೋವು ಎದೆಯಲ್ಲಿ ಕದಲಿ, ಅಭ್ಯಾಸದಂತೆ ಮತ್ತೆ ಮಲಗಿಕೊಂಡಿತು. ಆದರೆ ಬಾಣದ ಗುರುತು ಈಗ ತುಟಿಯತ್ತ ಸರಿಯುತ್ತಿತ್ತು. "ಇದನ್ನೊಂಚೂರು ಇಳಿಸಿಬಿಡ್ತೀನಿ" ಎಂದಳು ಆಕೆ.

"ಮುಟ್ಟಬೇಡಿ!"

ಲ್ಯಾಮಿನೇಷನ್ ಮಾಡಿಸಿಕೊಳ್ಳಲು ನಿಂತಿದ್ದವರು ತಿರುಗಿ ನೋಡಿದರು. ಮೊಮ್ಮಗಳು, "ತಾತ?" ಎಂದಳು. ಅವರು ಅವಳ ಕೈಯ ಫೈಲನ್ನು ತೋರಿಸಿದರು. "ತಿದ್ದಿದ ಫೋಟೋ ಅವರು ತಗೊಳ್ಳೋದಿಲ್ಲ. ನಿಯಮದಲ್ಲೇ ಬರೆದಿದೆಯಲ್ಲ, ನೀನೇ ಓದಿದ್ಯಲ್ಲ. ಕಲೆಗಳನ್ನೂ ವಾಪಸ್ ಹಾಕಿಕೊಡೋಕೆ ಹೇಳು."

"ಕಲೆ ತೆಗೀರಿ ಅಂತ ಎಲ್ರೂ ಜೀವ ತಿಂತಾರೆ," ಅಂಗಡಿಯಾಕೆ ನಕ್ಕಳು. "ವಾಪಸ್ ಕೊಡಿ ಅಂತ ಕೇಳಿದೋರು ನೀವೇ ಮೊದಲು ಅಂಕಲ್. ತುಟಿಗೆ ಇನ್ನೊಂದ್ಸಲ ತೆಗೆಯೋಣ, ಸುಮ್ನೆ ಏನಾದ್ರೂ ದುಃಖದ ವಿಷಯ ನೆನೆಸ್ಕೊಳ್ಳಿ."

ಅವರು ನೆನೆಸಿಕೊಂಡರು. ನಾಲ್ಕು ಸಲ ತೆಗೆದದ್ದಾಯಿತು. ನಾಲ್ಕರಲ್ಲೂ ಅದು ಇತ್ತು.

ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಯ ಪಕ್ಕದ ಜಾಗವನ್ನು ಅವರಿಗೆ ಬಿಟ್ಟುಕೊಟ್ಟು, ಫೈಲಿನೊಳಗಿನ ಕಾಗದಗಳನ್ನು ಮತ್ತೆ ಎಣಿಸತೊಡಗಿದಳು. ಪಾಸ್‌ಪೋರ್ಟುಗಳು, ಬ್ಯಾಂಕಿನ ಪತ್ರ, ಹೋಟೆಲು ಕಾಯ್ದಿರಿಸಿದ ಚೀಟಿ, ಹೋಗಿಬರುವ ವಿಮಾನದ ವಿವರ. ಹದಿನಾಲ್ಕು ದಿನದ ಪ್ರವಾಸ. ಅರ್ಜಿ ತುಂಬುವುದಕ್ಕೆ ಇವತ್ತು ಕೊನೆಯ ದಿನ. ನಾಳೆ ಹತ್ತು ಗಂಟೆಗೆ ಬೆರಳಚ್ಚು ಕೊಡಲು ಮೂವರೂ ಹೋಗಬೇಕು. ಇದೆಲ್ಲ ಶುರುವಾದದ್ದು ಹೆಂಡತಿಯ ಒಂದು ಹಳೆಯ ಮಾತಿನಿಂದ. ಮದುವೆಯಾದ ಹೊಸದರಲ್ಲಿ ಸ್ಟುಡಿಯೋಗೆ ಬಂದಾಗ ಅವಳು ಗೋಡೆಯುದ್ದದ ಬಣ್ಣದ ಪರದೆಯನ್ನು ನೋಡುತ್ತ ನಿಂತುಬಿಟ್ಟಿದ್ದಳು: ನೀಲಿ ಕೊಳ, ಅದರಾಚೆ ಹಿಮದ ಶಿಖರ. ಇದು ನಿಜವಾಗಿ ಎಲ್ಲಾದರೂ ಇದೆಯಾ ಎಂದು ಕೇಳಿದ್ದಳು. ಊರಿನ ಅರ್ಧ ಜನ ಆ ಶಿಖರದ ಮುಂದೆ ಬೆವರುತ್ತ ನಿಂತು ಫೋಟೋ ತೆಗೆಸಿಕೊಂಡಿದ್ದರೂ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಇದೆ, ಹೊರದೇಶದಲ್ಲಿ, ಒಂದು ದಿನ ತೋರಿಸುತ್ತೇನೆ ಎಂದಿದ್ದರು ಅವರು. ಆ ಒಂದು ದಿನ ಮಕ್ಕಳ ಓದಿಗೆ, ಮದುವೆಗೆ, ಮುಚ್ಚಿಹೋದ ಸ್ಟುಡಿಯೋಗೆ ದಾರಿ ಬಿಟ್ಟುಕೊಡುತ್ತ ಹಿಂದೆ ಹಿಂದೆ ಸರಿದು, ಈಗ ಮೊಮ್ಮಗಳ ಸಂಬಳದಲ್ಲಿ ಬಂದು ಬಾಗಿಲು ತಟ್ಟಿತ್ತು. "ಅಜ್ಜಿ ಮಂಡಿ ಇನ್ನೊಂದು ವರ್ಷ ಕಾಯಲ್ಲ ತಾತ. ಹೋಗೋದಾದ್ರೆ ಈಗಲೇ," ಎಂದಿದ್ದಳು ಅವಳು, ತನ್ನ ಕಸುಬಿನ ಖಚಿತ ದನಿಯಲ್ಲಿ.

ಕಿಟಕಿಯ ಗಾಜಿನಲ್ಲಿ ತಮ್ಮ ಮುಖ ಅಂಗಡಿಗಳ ಮೇಲೆ ತೇಲುತ್ತ ಬರುತ್ತಿತ್ತು. ಆ ಹತ್ತೊಂಬತ್ತರಲ್ಲಿ ಹನ್ನೊಂದನೆಯ ದಿನವಿರಬೇಕು. ಟಚಿಂಗ್ ಮಾಡುವಾಗ ನೆಗೆಟಿವ್ ಅನ್ನು ತಲೆಕೆಳಗಾಗಿ ಇಡುವುದು ಅವರ ರೂಢಿ. ಆಗ ಮುಖ ಮುಖವಾಗಿ ಕಾಣದೆ ಬರೀ ಕಪ್ಪುಬಿಳುಪಿನ ಹರವಾಗಿ ಕಾಣುತ್ತದೆ, ಕೈ ಸುಳ್ಳು ಹೇಳುವುದಿಲ್ಲ ಎಂದು ಯಜಮಾನರು ಕಲಿಸಿದ್ದರು. ನೆಗೆಟಿವ್‌ನಲ್ಲಿ ಸತ್ತವನ ಕೂದಲು ಬೆಳ್ಳಗೆ, ಮುಚ್ಚಿದ ಬಾಯಿ ಹೊಗೆಯಂತೆ, ಕಣ್ಣಗುಡ್ಡೆ ಎರಡು ಬೆಳಕಿನ ತೂತು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು; ಕಂಬದ ಮೇಲಿಂದ ಬಿದ್ದು ಸತ್ತವನು. ಬಾಯಿಯ ಎರಡು ತುದಿಗಳೂ ಕೆಳಗಿಳಿದಿದ್ದವು, ತುಟಿಗಳ ನಡುವೆ ಸದಾ ಮೊಳೆಯನ್ನೋ ತಂತಿಯ ತುಂಡನ್ನೋ ಕಚ್ಚಿಕೊಂಡಿರುವವರ ಬಾಯಿ ಹಾಗೆ ಬಿಗಿದುಕೊಳ್ಳುತ್ತದೆ. ಹೆಂಗಸು ಕೇಳಿದ್ದು ಜೊತೆಗೆ ನಿಲ್ಲಿಸಿಕೊಡಿ ಎಂದಷ್ಟೇ. ನಗಿಸಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಆದರೆ ಪಕ್ಕದಲ್ಲಿ ಕೂತವಳು ಮೆಲ್ಲಗೆ ಅರಳಿದ್ದಳು, ನಿಂತವನು ಗಂಟಿಕ್ಕಿಕೊಂಡಿದ್ದ, ಚಿತ್ರ ಒಪ್ಪುತ್ತಿರಲಿಲ್ಲ. ಸೀಸದ ಕಡ್ಡಿಯಿಂದ ಎಡತುದಿಯ ಇಳುಕನ್ನು ತುಂಬಿದರು. ಬ್ಲೇಡಿನ ಮೂಲೆಯಿಂದ, ಉಸಿರು ಬಿಗಿಹಿಡಿದು, ಅದರ ಮೇಲೆ ಒಂದೇ ಒಂದು ಎಳೆಯನ್ನು ಕೆರೆದರು. ನೆಗೆಟಿವ್ ಅನ್ನು ನೆಟ್ಟಗೆ ತಿರುಗಿಸಿ ಅಚ್ಚು ತೆಗೆದು ನೋಡಿದಾಗ ಅವನು ಅವಳ ಜೊತೆ ಸುಖವಾಗಿದ್ದ. ಅಂದಿನಿಂದ ಆ ಎಳೆ ಎಲ್ಲೆಲ್ಲೋ ಎದುರಾಗುತ್ತಿತ್ತು: ಪತ್ರಿಕೆಯಲ್ಲಿ ತೀರಿಕೊಂಡವರ ಚಿತ್ರಗಳಲ್ಲಿ, ಬ್ಯಾಂಕಿನ ಕಾವಲುಗಾರನ ನಿದ್ದೆಯಲ್ಲಿ, ತೊಟ್ಟಿಲಲ್ಲಿ ಮಲಗಿದ್ದ ಮಗಳ ಬಾಯಲ್ಲಿ. ಕೆಲವು ವರ್ಷಗಳಿಂದ ಕ್ಷೌರದ ಕನ್ನಡಿಯಲ್ಲಿ.

"ತಾತ, ಇಳಿಯೋ ಜಾಗ. ಎಲ್ಲಿದೀರ ನೀವು?"

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮೊಮ್ಮಗಳು ಕೂತಳು. ಅಜ್ಜಿಯ ಅರ್ಜಿ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಅವಳು ಮೂರನೆಯ ಕುರ್ಚಿಯಲ್ಲಿ, ಮಂಡಿಯ ಮೇಲೆ ಬಿಸಿನೀರಿನ ಚೀಲವಿಟ್ಟುಕೊಂಡು, ಪ್ರವಾಸಕ್ಕೆಂದು ಕೊಂಡ ಹೊಸ ಸ್ವೆಟರಿನ ಬೆಲೆಚೀಟಿಯನ್ನು ಬಿಚ್ಚುತ್ತಿದ್ದಳು. ತಾತನ ಅರ್ಜಿ ಮೊದಲ ಪುಟದಲ್ಲೇ ಎಡವಿತು. ಉದ್ಯೋಗ ಎಂಬಲ್ಲಿ ಪಟ್ಟಿಯಿಂದ ಆರಿಸಬೇಕು. ರೈತ, ವಕೀಲ, ನಾವಿಕ, ಪಾದ್ರಿ, ಎಲ್ಲರೂ ಇದ್ದರು, ಇವರಿರಲಿಲ್ಲ.

"ಇತರೆ ಅಂತ ಹಾಕ್ತೀನಿ."

"ಮೂವತ್ತೈದು ವರ್ಷ ದುಡಿದದ್ದು ಇತರೆಯೇನೇ?"

"ಮತ್ತೇನು ಹಾಕಲಿ, ಪಾದ್ರಿ ಅಂತ ಹಾಕಲಾ?"

"ಹಾಕು ಹಾಕು," ಎಂದಳು ಹೆಂಡತಿ. "ಉಪದೇಶ ಮಾಡೋದ್ರಲ್ಲಿ ಏನೂ ಕಡಿಮೆಯಿಲ್ಲ."

ನಗೆಯಾಯಿತು. ತಂದೆಯ ಹೆಸರು, ತಾಯಿ ಹುಟ್ಟಿದ ಊರು, ಮನೆಯಲ್ಲಿ ಎಷ್ಟು ಜನ, ಹಿಂದೆಂದಾದರೂ ಹೊರದೇಶಕ್ಕೆ ಹೋಗಿದ್ದುಂಟೆ. ಇಲ್ಲ. ಯಾವ ದೇಶವಾದರೂ ನಿರಾಕರಿಸಿದ್ದುಂಟೆ. ಇಲ್ಲ, ಕೇಳಿದ್ದೇ ಇಲ್ಲ. ಪುಟಗಳು ಸರಿದವು. ಮೊಮ್ಮಗಳು ಓದಿ, ತಿಳಿಯುವ ಮಾತಿಗೆ ಬದಲಿಸಿ ಹೇಳುತ್ತಿದ್ದಳು. ಕೊನೆಯ ಪುಟಕ್ಕೆ ಬಂದಾಗ ಅವಳ ದನಿ ಆಟದ ದನಿಯಾಯಿತು.

"ಈಗ ಮಜಾ ಕೇಳಿ. ತಾತ, ನೀವು ಭಯೋತ್ಪಾದಕರಾ?"

"ಸ್ನಾನದ ಮನೆ ವಿಷಯದಲ್ಲಿ ಹೌದು," ಎಂದಳು ಹೆಂಡತಿ.

"ಇಲ್ಲ. ಯುದ್ಧದಲ್ಲಿ ಅಪರಾಧ ಮಾಡಿದೀರಾ? ಇಲ್ಲ. ಸೆರೆಮನೆ ವಾಸ? ಇಲ್ಲ. ಮನುಷ್ಯರ ಕಳ್ಳಸಾಗಣೆ? ಇಲ್ಲ. ಯಾವುದಾದರೂ ಅಧಿಕಾರಿಗೆ ಸುಳ್ಳು ದಾಖಲೆ, ಸುಳ್ಳು ಹೇಳಿಕೆ ಕೊಟ್ಟಿದೀರಾ, ಇಲ್ಲ ಕೊಡೋಕೆ ಬೇರೆಯವರಿಗೆ ಸಹಾಯ ಮಾಡಿದೀರಾ? ಇಲ್ಲ. ಅಂಟುರೋಗ..."

ಇಲ್ಲ, ಇಲ್ಲ, ಇಲ್ಲ ಎಂದು ಅವಳ ಬೆರಳು ಸಣ್ಣಗೆ ಟಕ್ ಟಕ್ ಎನ್ನುತ್ತ ಮುಂದೆ ಹೋಗುತ್ತಿತ್ತು. ಗೋಡೆಗೆ ಮೊಳೆ ಹೊಡೆದಂತಿತ್ತು ಅದು. ಒಂದೊಂದೂ ನೆಟ್ಟಗೆ, ಒಂದೇ ಸಾಲಿನಲ್ಲಿ. ಅವರು ಮೇಜಿನ ಅಂಚನ್ನು ಹಿಡಿದುಕೊಂಡರು. ಅಂದು, ಆ ಫೋಟೋ ಷೋಕೇಸಿಗೆ ಏರಿದ ಮೇಲೆ, ವಿದ್ಯುತ್ ಇಲಾಖೆಯಿಂದ ಬಂದಿದ್ದ ಅಧಿಕಾರಿ ತೆಳ್ಳಗಿದ್ದರು, ಫೈಲನ್ನು ಕೊಡೆಯೊಡನೆ ಒಂದೇ ಕಂಕುಳಲ್ಲಿ ಇರುಕಿಕೊಂಡಿದ್ದರು. ಯಜಮಾನರು ಅಂದು ಊರಲ್ಲಿರಲಿಲ್ಲ. ಅಧಿಕಾರಿ ಚಿತ್ರವನ್ನು ಗಲ್ಲಾದ ಮೇಲಿಟ್ಟು, "ನೋಡಿ, ಲೈನ್‌ಮನ್ ಸತ್ತ. ಅನುಕಂಪದ ನೌಕರಿ ಹೆಂಡತಿಗೆ ಹೋಗ್ಬೇಕು. ನಾನೇ ಹೆಂಡತಿ ಅಂತ ಇಬ್ಬರು ಬಂದಿದಾರೆ. ಮದುವೆ ಪತ್ರ ಇಬ್ಬರ ಹತ್ರಾನೂ ಇಲ್ಲ. ಈಕೆ ಹತ್ರ ಈ ಫೋಟೋ ಇದೆ. ಇಬ್ಬರೂ ಇಲ್ಲಿಗೆ ಬಂದು, ನಿಂತು ತೆಗೆಸಿದ್ದಾ ಇದು?" ಎಂದು ಕೇಳಿದರು. ಕೇಳಿ, ಉತ್ತರಕ್ಕೆ ಕಾಯದೆ, ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿದರು. ಗಾಜು ಅವನ ಹಣೆಯಿಂದ ಇಳಿಯಿತು, ಕಿವಿಯ ಬಳಿ ಸುಳಿಯಿತು, ಕೊರಳಪಟ್ಟಿಗೆ ಬಂತು. ಅಲ್ಲೇ, ಅದರ ಅಡಿಯಲ್ಲೇ ಇತ್ತು ಗೆರೆ. ಗಾಜು ನಿಲ್ಲಲಿಲ್ಲ. ಮತ್ತೆ ಹಿಂದಕ್ಕೆ ಬಂತು, ಮತ್ತೆ ದಾಟಿ ಹೋಯಿತು. ಆ ಕ್ಷಣ ಎದೆಯೊಳಗೆ ಉಬ್ಬಿದ ಸಂತೋಷವನ್ನು ಅವರು ಮದುವೆಯ ದಿನವೂ ಮಗಳು ಹುಟ್ಟಿದ ದಿನವೂ ಕಂಡಿರಲಿಲ್ಲ. ಇದನ್ನು ಅವರು ಯಾರೆದುರೂ ಎಂದೂ ಒಪ್ಪಿರಲಿಲ್ಲ. ಇದು ಜೋಡಿಸಿದ್ದು ಸ್ವಾಮಿ ಎಂದರೆ ಅಧಿಕಾರಿ ಓಹೋ ಎನ್ನುತ್ತಿದ್ದರು, ಮತ್ತೆ ಗಾಜು ಹಿಡಿದು ಹುಡುಕಿ, ಗೆರೆಯಿದೆಯೆಂದು ಗೊತ್ತಾದವರು ಯಾರಾದರೂ ಕಂಡುಹಿಡಿಯುವಂತೆ ಅದನ್ನು ಕಂಡುಹಿಡಿದುಬಿಡುತ್ತಿದ್ದರು. "ಹೌದು, ಇಬ್ಬರೂ ಇಲ್ಲೇ ನಿಂತಿದ್ರು," ಎಂದರು ಟಚಿಂಗ್ ಮೇಷ್ಟ್ರು. ಬರೆದುಕೊಟ್ಟರು. ರುಜು ಹಾಕಿದರು. ಸ್ಟುಡಿಯೋದ ಮೊಹರನ್ನು, ಅಂಚು ಚೆನ್ನಾಗಿ ಮೂಡುವಂತೆ, ಒತ್ತಿದರು. ಯಾರೂ ಅವರ ಕೈಗೆ ಏನೂ ತುರುಕಿರಲಿಲ್ಲ. ತುರುಕಿದ್ದರೆ ಎಷ್ಟೋ ಹಗುರಾಗಿರುತ್ತಿತ್ತು. ಆಸೆಗೆ ಬಿದ್ದೆ ಎಂದು ಹೇಳಿಕೊಳ್ಳಬಹುದಿತ್ತು.

ಅದಾಗಿ ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಹೊತ್ತು, ಷೋಕೇಸಿನ ಮುಂದೆ ಒಬ್ಬಾಕೆ ನಿಂತಿದ್ದಳು. ಸೆರಗು ಹಿಡಿದುಕೊಂಡು ಮಕ್ಕಳಿದ್ದವು. ಬಹಳ ಹೊತ್ತು ನಿಂತಳು. ಆಮೇಲೆ ಒಳಗೆ ಬಂದು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, "ಆ ಫೋಟೋ ತೆಗೆದೋರು ನೀವೇನಾ?" ಎಂದು ಕೇಳಿದಳು. ಜಗಳವಾಡಲು ಬಂದವಳೆಂದು ಅವರು ಸಜ್ಜಾಗಿ ನಿಂತರು. ದನಿಯಲ್ಲಿ ಜಗಳವಿರಲಿಲ್ಲ. "ನಮ್ಮವರು ನಗ್ತಿದಾರಲ್ಲ ಅದರಲ್ಲಿ," ಎಂದಳು. "ಹನ್ನೆರಡು ವರ್ಷ ಸಂಸಾರ ಮಾಡಿದೀನಿ. ಮಕ್ಕಳು ಹುಟ್ಟಿದಾಗಲೂ ಹಾಗೆ ನಕ್ಕಿದ್ದಿಲ್ಲ. ನೀವು ಏನಂದ್ರಿ ಅವರಿಗೆ, ಅಷ್ಟು ಚೆನ್ನಾಗಿ ನಗೋಕೆ?" ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ತನಗೆ ಸಿಗದೆಹೋದ ಒಂದು ಮಾತು ಈ ಮನುಷ್ಯನ ಬಳಿ ಇದೆ, ಕೇಳಿದರೆ ಕೊಟ್ಟಾನು ಎಂಬಂತೆ ಮುಖವೆತ್ತಿ ಕಾದಳು. ಆಗಲೂ ಹೇಳಬಹುದಿತ್ತು. ಅಮ್ಮಾ, ಅವನು ನಗಲಿಲ್ಲ, ನಾನು ಕೆರೆದೆ ಎನ್ನಬಹುದಿತ್ತು. "ಎಲ್ಲರಿಗೂ ಹೇಳೋದೇ ಅಮ್ಮ," ಎಂದರು ಅವರು. "ಈ ಕಡೆ ನೋಡಿ ಅಂದೆ." ಅವಳು ತಲೆಯಾಡಿಸಿದಳು. ಈ ಕಡೆ ನೋಡಿ, ಎಂದು ತನ್ನೊಳಗೇ ಒಮ್ಮೆ ಹೇಳಿಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಹೋದಳು. ನೌಕರಿಯೊಂದನ್ನೇ ಅವಳಿಂದ ಕಿತ್ತುಕೊಂಡಿದ್ದರೆ ಅದು ಬೇರೆ ಮಾತು; ಹನ್ನೆರಡು ವರ್ಷದ ಸಂಸಾರವನ್ನೂ ಕಿತ್ತುಕೊಂಡಿದ್ದರು.

"ತಾತ, ರುಜು ಇಲ್ಲಿ. ಮೇಲೆ ಬರೆದಿರೋದೆಲ್ಲ ಸತ್ಯ ಅಂತ. ಬೆರಳಲ್ಲೇ ಈ ಪರದೆ ಮೇಲೆ ಗೀಚಿದ್ರಾಯ್ತು."

"ಆ ಪ್ರಶ್ನೆ ಇನ್ನೊಂದ್ಸಲ ಓದು."

"ಯಾವುದು? ಅಂಟುರೋಗದ್ದಾ?"

"ಅದರ ಹಿಂದಿಂದು."

ಅವಳು ಓದಿದಳು.

"ಹೌದು ಅಂತ ಹಾಕು," ಎಂದರು ಅವರು.

ಮೊಮ್ಮಗಳು ನಕ್ಕಳು. ತಾತನ ಮುಖ ನೋಡಿ ನಗುವನ್ನು ಅರ್ಧಕ್ಕೆ ನಿಲ್ಲಿಸಿದಳು. ಅವರು ಹೇಳತೊಡಗಿದರು. ಹೇಳಿ ಹೇಳಿ ಸವೆದ ದಾರಿಯಾಗಿದ್ದರಿಂದ ಷೋಕೇಸಿನವರೆಗೆ ಮಾತು ತಾನಾಗಿ ಉರುಳಿಕೊಂಡು ಬಂತು. ಅಲ್ಲಿಂದಾಚೆಗೆ ಒಂದೊಂದು ಪದವನ್ನೂ ಕಲ್ಲೆತ್ತಿದಂತೆ ಎತ್ತಬೇಕಾಯಿತು. ಅಧಿಕಾರಿಯ ಗಾಜು, ಮೊಹರು, ತುಟಿ, ಆಕೆಯ ಪ್ರಶ್ನೆ. ಕ್ರಮ ತಪ್ಪಿತು. ಹಿಂದಿನದು ಮುಂದಾಯಿತು. ತುಟಿಯನ್ನು ಕೆರೆದದ್ದನ್ನು ಎರಡು ಸಲ ಹೇಳಿದರು, ಮೊಹರು ಒತ್ತಿದ್ದನ್ನು ಮರೆತು ಆಮೇಲೆ ಸೇರಿಸಿದರು. ವಾಕ್ಯಗಳನ್ನು ಅಳೆದು ಕಟ್ಟುವ ಮನುಷ್ಯ ಹೀಗೆ ತೊದಲುವುದನ್ನು ಆ ಮನೆ ಕೇಳಿರಲಿಲ್ಲ. ಹೇಳಿ ಮುಗಿಸಿದಾಗ ಅವರ ಅಂಗೈಯ ಗುರುತು ಮೇಜಿನ ಮೇಲೆ ಒದ್ದೆಯಾಗಿ ಮೂಡಿತ್ತು.

"ನಲವತ್ತು ವರ್ಷದ ಹಿಂದಿಂದು ತಾತ," ಎಂದಳು ಮೊಮ್ಮಗಳು, ರೋಗಿಗಳೊಡನೆ ಮಾತಾಡುವ ದನಿಯನ್ನು ಹುಡುಕಿಕೊಳ್ಳುತ್ತ. "ಕೇಸಾಗಿಲ್ಲ, ಶಿಕ್ಷೆ ಆಗಿಲ್ಲ. ಆ ಕಾಗದ ಈಗ ಯಾವ ಗೆದ್ದಲಿನ ಹೊಟ್ಟೇಲಿದೆಯೋ. ಯಾರಿಗೆ ಗೊತ್ತಾಗುತ್ತೆ?"

"ಕೇಸಾಗಿದೆಯಾ ಅಂತ ಅವರು ಕೇಳಿಲ್ಲವಲ್ಲ. ಕೊಟ್ಟಿದೀರಾ ಅಂತ ಕೇಳಿದಾರೆ. ಇಷ್ಟು ವರ್ಷದಲ್ಲಿ ನನ್ನನ್ನ ಕೇಳಿದೋರು ಇವರೊಬ್ಬರೇ."

"ಹೌದು ಅಂದ್ರೆ ವೀಸಾ ಸಿಗೋದು ಅನುಮಾನ. ಗೊತ್ತಲ್ಲ? ಇಲ್ಲಿ ಸಿಗದಿದ್ರೆ ಬೇರೆ ದೇಶದ್ದಕ್ಕೂ ತೊಂದರೆ. ಅಜ್ಜಿ ಗತಿ ಏನು?" ಅವಳ ಕಣ್ಣು ತುಂಬಿತು, ಸಿಟ್ಟೋ ಅಳುವೋ ಅವಳಿಗೇ ತಿಳಿಯಲಿಲ್ಲ. "ಅಜ್ಜಿ, ನೀವಾದ್ರೂ ಹೇಳಿ."

ಹೆಂಡತಿ ಸ್ವೆಟರಿನ ಚೀಟಿಯನ್ನು ಬೆರಳಿನಲ್ಲಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಅವರು ಅವಳತ್ತ ನೋಡಲಾರದೆ ಅವಳ ಮಂಡಿಯ ಮೇಲಿನ ಕೆಂಪು ಚೀಲವನ್ನು ನೋಡಿದರು.

"ಆ ಹೆಂಗಸಿನ ಜೊತೆ ಎಷ್ಟು ಮಕ್ಕಳಿದ್ವು?" ಎಂದು ಕೇಳಿದಳು ಅವಳು.

ಅವರು ಬಾಯಿ ತೆರೆದರು. ಸತ್ತವನ ಹುಬ್ಬಿನಲ್ಲಿ ಎಷ್ಟು ಕೂದಲು ನರೆತಿದ್ದವೆಂದು ಕೇಳಿದ್ದರೆ ಹೇಳುತ್ತಿದ್ದರು. "ಎರಡೋ," ಎಂದರು. "ಮೂರೋ. ನಾನು ನೋಡಲಿಲ್ಲ."

"ಸರಿ." ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. "ಕೈ ನಿಮ್ಮದು ಅಂತ ನನಗೆ ಆವತ್ತೇ ಗೊತ್ತಿತ್ತು."

"ಯಾವ ಕೈ?"

"ಇದೇ ಕೈ. ಕಿರುಬೆರಳು ಡೊಂಕಿರೋದು. ಮದುವೆಯಾಗಿ ಇನ್ನೂ ಮೂರು ತಿಂಗಳು. ದಿನಾ ಊಟದ ಡಬ್ಬಿ ಹಿಡ್ಕೊಂಡು ಬರ್ತಿದ್ದೆ. ಒಂದು ದಿನ ಬಂದ್ರೆ ಷೋಕೇಸಲ್ಲಿ ಯಾರದೋ ತಲೆ, ಯಾರೋ ಹೆಂಗಸು, ಅವಳ ಕುರ್ಚಿ ಮೇಲೆ ನನ್ನ ಗಂಡನ ಕೈ."

"ಕೇಳಲಿಲ್ಲವಲ್ಲ ನೀನು?"

"ನೀವು ಅಷ್ಟು ಖುಷಿಯಾಗಿದ್ರಿ. ಊಟದ ಡಬ್ಬಿ ಮುಚ್ಚಳ ತೆಗೆಯೋಕೂ ಮೊದಲು ಅದನ್ನೇ ತೋರಿಸ್ತಿದ್ರಿ. ಆಮೇಲೆ ಅವರೇ ಹೇಳಲಿ ಅಂದ್ಕೊಂಡೆ. ಬಂದವರಿಗೆಲ್ಲ ಆ ಕಥೆ ಹೇಳುವಾಗ, ಯಾರೋ ಒಬ್ಬರನ್ನ ನಿಲ್ಲಿಸಿದ್ವಿ ಅಂತಿದ್ರಲ್ಲ, ಅಲ್ಲಿಗೆ ಬಂದಾಗ ಪ್ರತಿ ಸಲ ಕಾಯ್ತಿದ್ದೆ, ಇವತ್ತು ಹೇಳ್ತಾರಾ ಅಂತ." ದನಿ ಒಂದಿಷ್ಟೂ ಏರಿರಲಿಲ್ಲ. "ಇದೊಂದು ಇದೆ ಅಂತ ಗೊತ್ತಿತ್ತು. ಇಷ್ಟಿದೆ ಅಂತ ಗೊತ್ತಿರಲಿಲ್ಲ."

ಹತ್ತೊಂಬತ್ತು ದಿನದ ಕೆಲಸ. ಯಜಮಾನರ ಗಾಜನ್ನೂ ಅಧಿಕಾರಿಯ ಗಾಜನ್ನೂ ಗೆದ್ದ ಚಿತ್ರದ ಮುಂದೆ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಊಟದ ಡಬ್ಬಿ ಹಿಡಿದು ನಿಂತು, ಬರಿಗಣ್ಣಲ್ಲಿ ಒಂದು ಸಲ ನೋಡಿ, ಎಲ್ಲವನ್ನೂ ಬಿಚ್ಚಿಟ್ಟುಬಿಟ್ಟಿದ್ದಳು. ಮಕ್ಕಳ ಜೊತೆ ಬಂದಿದ್ದವಳು ತುಟಿಯನ್ನು ನೋಡಿದ್ದ ಹಾಗೆಯೇ. ಅವರಿಗೆ ನಾಚಿಕೆಯಾಯಿತು, ತಪ್ಪಿಗಾಗಿ ಆಗಬೇಕಾದದ್ದು ಮೊದಲು ಕೆಲಸಕ್ಕಾಗಿ ಆಯಿತಲ್ಲ ಎಂದು ಮತ್ತೂ ನಾಚಿಕೆಯಾಯಿತು. ಎಡಗೈಯಿಂದ ಬಲಗೈಯ ಕಿರುಬೆರಳನ್ನು ಮುಚ್ಚಿಕೊಂಡರು. ಆಮೇಲೆ ಬಿಟ್ಟರು.

"ನಿನ್ನ ಅರ್ಜಿ ಬೇರೆ ಇದೆ," ಎಂದರು. "ಅದರಲ್ಲಿ ಏನೂ ಕಲೆಯಿಲ್ಲ. ನೀವಿಬ್ಬರೂ ಹೋಗಿಬನ್ನಿ. ನಾನು ಹೇಳಿದ ಮಾತು ಅಷ್ಟಾದರೂ ನಡೀಲಿ."

"ತೋರಿಸ್ತೀನಿ ಅಂದಿದ್ದು ನೀವು. ಅವಳಲ್ಲ." ಹೆಂಡತಿ ನೀರಿನ ಚೀಲವನ್ನು ಇನ್ನೊಂದು ಮಂಡಿಗೆ ವರ್ಗಾಯಿಸಿದಳು. "ಪರ್ವತ ಎಲ್ಲಿಗೂ ಹೋಗಲ್ಲ. ನನ್ನ ಮಂಡಿ ಹೋಗುತ್ತೆ, ಅಷ್ಟೇ. ಹೋದ್ರೆ ಹೋಗಲಿ." ಮೊಮ್ಮಗಳತ್ತ ತಿರುಗಿ, "ಹಾಕಮ್ಮ, ಅವರು ಹೇಳಿದ್ದನ್ನೇ ಹಾಕು," ಎಂದಳು.

ಮೊಮ್ಮಗಳು ಅಲ್ಲಾಡಲಿಲ್ಲ. ಪರದೆಯ ಬೆಳಕು ಅವಳ ಮುಖಕ್ಕೆ ಎಡಗಡೆಯಿಂದ ಬೀಳುತ್ತಿತ್ತು. ಕೊನೆಗೆ ಬೆರಳಿನಿಂದ ಒಮ್ಮೆ ಒತ್ತಿದಳು, ಈ ಸಲ ಸದ್ದಾಗದಂತೆ. ಇಲ್ಲ ಎಂಬುದರ ಮುಂದಿನ ಚುಕ್ಕೆ ಹೌದು ಎಂಬುದರ ಮುಂದೆ ಬಂತು. ಅದರ ಕೆಳಗೆ, ಅದುವರೆಗೆ ಏನೂ ಇರದಿದ್ದ ಜಾಗದಲ್ಲಿ, ಬಿಳಿಯ ಚೌಕವೊಂದು ತೆರೆದುಕೊಂಡಿತು.

"ವಿವರ ಕೊಡಿ ಅಂತಿದೆ," ಎಂದಳು. "ಸಾವಿರ ಅಕ್ಷರದೊಳಗೆ."

ಅವರು ಮನಸ್ಸಿನಲ್ಲೇ ಮೊದಲ ವಾಕ್ಯವನ್ನು ಕಟ್ಟಲು ನೋಡಿದರು. ಯಾರ ಹೆಸರಿನಿಂದ ಶುರುಮಾಡುವುದು? ಲೈನ್‌ಮನ್‌ನ ಹೆಸರು ಗೊತ್ತಿತ್ತು, ಫೋಟೋ ತೆಗೆಸಿದವಳದ್ದೂ ರಶೀದಿಯಲ್ಲಿತ್ತು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದವಳ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಚೌಕದೊಳಗೆ ಸಣ್ಣ ಗೀಟೊಂದು ಕಾಣುತ್ತ ಮರೆಯಾಗುತ್ತ ಕಾಯುತ್ತಿತ್ತು. ಹೆಂಡತಿ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದಳು. ಮೊಮ್ಮಗಳು ಅಂಗೈಯಿಂದ ಕಣ್ಣೊರೆಸಿಕೊಂಡು, ಎರಡೂ ಕೈಗಳನ್ನು ಅಕ್ಷರಗಳ ಮೇಲಿಟ್ಟು, ತಾತನ ಮುಖ ನೋಡಿದಳು.

"ಇನ್ನೊಂದ್ಸಲ ಹೇಳಿ ತಾತ," ಎಂದಳು. "ಮೊದಲಿಂದ. ನಿಧಾನವಾಗಿ."